ಮುಖ ನೋಡದೆ ಬಂದ ಲಿಂಗ



ಗರ್ಭಿಣಿಗೆ ಎಂಟನೆಯ ತಿಂಗಳು ತುಂಬಿದಾಗ ಗುರುವು ಮನೆಗೆ ಬಿಜಯಮಾಡಿ, ಇನ್ನೂ ಬೆಳಕನ್ನು ಕಾಣದ ಶಿಶುವಿಗೆಂದು ಇಷ್ಟಲಿಂಗವನ್ನು ಕರುಣಿಸುವ ಆಚಾರವು ನಮ್ಮಲ್ಲುಂಟು. ಇದಕ್ಕೆ ಗರ್ಭಲಿಂಗಧಾರಣೆಯೆಂದು ಹೆಸರು. ಎಲ್ಲ ಮನೆಗಳಲ್ಲಿಯೂ ಇದು ಈಗ ಕಾಲಕ್ಕೆ ಸರಿಯಾಗಿ ನಡೆಯುತ್ತಿಲ್ಲ. ಹೆರಿಗೆಯಾದ ಬಳಿಕ ಕಟ್ಟಿಸುವವರೂ ಬಹುಮಂದಿ. ಅದು ಹೇಗೇ ಇರಲಿ, ಈ ಆಚಾರದ ಒಳಗಿರುವ ಒಂದು ಸೂಕ್ಷ್ಮವನ್ನು ನಾವು ಗಮನಿಸುವುದು ಕಡಮೆ. ಲಿಂಗವನ್ನು ಕೊಡುವಾಗ ಗುರುವು ಆ ಮಗುವಿನ ಮುಖವನ್ನು ನೋಡಿರುವುದಿಲ್ಲ. ಗಂಡೋ ಹೆಣ್ಣೋ, ಕಪ್ಪೋ ಕೆಂಪೋ, ಮೂಗು ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂದು ಆತನು ವಿಚಾರಿಸುವುದೂ ಇಲ್ಲ.

ವೈದ್ಯರು ಹೇಳುವ ಮಾತೊಂದನ್ನು ಇದರೊಡನೆ ಇಟ್ಟು ನೋಡಿರಿ. ಗರ್ಭದಲ್ಲಿ ಮುಖವು ರೂಪುಗೊಳ್ಳುವುದು ಮೊದಲ ಎರಡು ಮೂರು ತಿಂಗಳುಗಳಲ್ಲಿಯೇ. ಮೇಲ್ದುಟಿಯ ಭಾಗಗಳು 4ರಿಂದ 7ನೆಯ ವಾರದೊಳಗೆ ಒಂದನ್ನೊಂದು ಕೂಡಿಕೊಳ್ಳುತ್ತವೆ. ಬಾಯಿಯ ಮೇಲ್ಛಾವಣಿಯಾದ ಅಂಗುಳವು 6ರಿಂದ 9ನೆಯ ವಾರದೊಳಗೆ ಕೂಡುತ್ತದೆ. ಯಾವ ಕಾರಣದಿಂದಲಾದರೂ ಕೂಡದೆ ಉಳಿದರೆ ಸೀಳುತುಟಿ, ಸೀಳು ಅಂಗುಳಗಳುಂಟಾಗುತ್ತವೆ. ಪ್ರಪಂಚದಲ್ಲಿ ಸುಮಾರು ಸಾವಿರ ಹೆರಿಗೆಗಳಿಗೆ ಒಂದರಂತೆ ಇಂಥ ಶಿಶುಗಳು ಜನಿಸುತ್ತವೆ. ಆದುದರಿಂದ ಎಂಟನೆಯ ತಿಂಗಳಲ್ಲಿ ಗುರುವು ಲಿಂಗವನ್ನು ತಂದಾಗ ಆ ತುಟಿಯು ಆಗಲೇ ಸೀಳಿತ್ತು. ಸೀಳಿದ ತುಟಿಯ ಮಗುವಿಗೇ ಲಿಂಗವು ಬಂದಿತು. ಈಚೆಗೆ ಸ್ಕ್ಯಾನಿಂಗ್ ಯಂತ್ರದಿಂದ ಇದು ಮೊದಲೇ ತಿಳಿದುಬರುವುದುಂಟು. ತಿಳಿದ ಮಾತ್ರಕ್ಕೆ ಗುರುವು ಲಿಂಗವನ್ನು ಹಿಂದಕ್ಕೆ ಒಯ್ಯುವನೇ?

ಗರ್ಭದಲ್ಲಿಯೇ ಅಂಗವಿಕಾರವನ್ನು ಪಡೆದವನ ಕಥೆಯೊಂದು ಮಹಾಭಾರತದ ವನಪರ್ವದಲ್ಲಿದೆ. ಕಹೋಡನೆಂಬ ಬ್ರಾಹ್ಮಣನು ವೇದವನ್ನು ಪಠಿಸುತ್ತಿದ್ದಾಗ ಹೆಂಡತಿಯ ಬಸಿರಿನಲ್ಲಿದ್ದ ಶಿಶುವು ಆತನ ಪಾಠದ ದೋಷವನ್ನು ಎತ್ತಿ ತೋರಿಸಿತಂತೆ. ತಂದೆಯು ಕೋಪಗೊಂಡು ಶಪಿಸಲು, ಎಂಟು ಕಡೆ ಡೊಂಕಾದ ದೇಹದೊಡನೆ ಅಷ್ಟಾವಕ್ರನು ಹುಟ್ಟಿದನು. ಆತನು ಜನಕನ ಸಭೆಗೆ ಹೋದಾಗ ಪಂಡಿತರೆಲ್ಲರೂ ನಕ್ಕರೆಂದೂ, ಇವರೆಲ್ಲ ತೊಗಲನ್ನು ನೋಡಿ ಬೆಲೆಕಟ್ಟುವ ಚರ್ಮವ್ಯಾಪಾರಿಗಳೆಂದು ಆತನು ತಿರುಗಿ ನುಡಿದನೆಂದೂ ಪುರಾಣ ಹೇಳುವವರು ರಸವತ್ತಾಗಿ ವರ್ಣಿಸುತ್ತಾರೆ. ಇದು ಜನರ ಬಾಯಲ್ಲಿ ಬೆಳೆದ ಕಥೆ. ವನಪರ್ವದಲ್ಲಿ ದ್ವಾರಪಾಲಕನು ಆತನನ್ನು ತಡೆಯುವುದು ಹುಡುಗನೆಂಬ ಕಾರಣಕ್ಕೆ. ಅಲ್ಲದೆ ಆ ಚರ್ಮವ್ಯಾಪಾರಿಯ ಮಾತು ಶರಣಮಾರ್ಗದವರ ಬಾಯಿಗೆ ಒಪ್ಪುವುದೂ ಇಲ್ಲ. ತೊಗಲಿನ ಕಾಯಕ ಮಾಡುತ್ತಿದ್ದ ಹರಳಯ್ಯನು ತನ್ನ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಮಾಡಿದನೆಂಬ ಐತಿಹ್ಯವನ್ನು ತೊಟ್ಟಿಲಲ್ಲಿಯೇ ಕೇಳಿ ಬೆಳೆದವರು ನಾವು. ಒಬ್ಬನ ಮುಖದ ಅವಮಾನವನ್ನು ಕಳೆಯಲು ಇನ್ನೊಬ್ಬನ ಕಾಯಕವನ್ನು ಹೀಗಳೆಯಬೇಕೇ? ನಾನು ಈ ಕಥೆಯಿಂದ ಎತ್ತಿಕೊಳ್ಳುವುದು ಒಂದನ್ನೇ. ಅಲ್ಲಿ ಗರ್ಭದ ಶಿಶುವಿಗೆ ತಂದೆಯಿಂದ ಶಾಪ ಬಂದಿತು. ನಮ್ಮಲ್ಲಿ ಗರ್ಭದ ಶಿಶುವಿಗೆ ಗುರುವಿನಿಂದ ಲಿಂಗ ಬರುತ್ತದೆ.

ಹಾಗಿದ್ದೂ ನಮ್ಮ ಮನೆಗಳಲ್ಲಿ ನಡೆಯುವುದೇನು? ಮಗುವಿನ ತುಟಿ ಸೀಳಿದ್ದರೆ, ಗ್ರಹಣದ ದಿನ ತಾಯಿ ಈಳಿಗೆಮಣೆಯ ಮುಂದೆ ಕುಳಿತಳೆಂದು ಹಸಿ ಬಾಣಂತಿಯನ್ನು ದೂರುತ್ತಾರೆ. ತಿಥಿ ವಾರ ನಕ್ಷತ್ರಗಳ ಭಯವನ್ನು ಶರಣರು ಹರಿದೊಗೆದು ಎಂಟುನೂರು ವರ್ಷಗಳು ಸಂದವು. ನಮ್ಮ ಅಡುಗೆಮನೆಯಲ್ಲಿ ರಾಹುಕೇತುಗಳು ಇನ್ನೂ ಹೊಗೆಯಾಡುತ್ತಿರುವರು. ಆಕಾಶದಲ್ಲಿ ಚಂದ್ರನ ಮೇಲೆ ಭೂಮಿಯ ನೆರಳು ಬಿದ್ದರೆ ಬಸಿರಿನೊಳಗಿನ ತುಟಿಯು ಸೀಳಲಾರದು. ವಂಶದ ಗುಣ, ತಾಯಿಯ ದೇಹಸ್ಥಿತಿ ಮೊದಲಾದ ಹಲವು ಕಾರಣಗಳು ಕೂಡಿ ಇದಾಗುತ್ತದೆಂದು ವೈದ್ಯಶಾಸ್ತ್ರವು ತಿಳಿಸುತ್ತದೆ. ಇನ್ನು ಕೆಲವರು ಪೂರ್ವಜನ್ಮದ ಕರ್ಮವೆಂದು ನಿಟ್ಟುಸಿರುಬಿಡುತ್ತಾರೆ. ಗುರುಕರುಣೆಯಿಂದ ಲಿಂಗ ನೆಲೆಗೊಂಡ ಅಂಗದಲ್ಲಿ ಪೂರ್ವಕರ್ಮ ಉಳಿಯದೆಂಬುದು ನಮ್ಮ ಸಿದ್ಧಾಂತ. ಲಿಂಗ ಕಟ್ಟಿದ ಮಗುವಿನ ಮುಖದಲ್ಲಿ ಕರ್ಮವನ್ನು ಓದುವವನು, ಆ ಗುರುಕರುಣೆಯೇ ಸುಳ್ಳೆಂದು ಹೇಳಿದಂತಾಯಿತು. ಇದನ್ನು ಆತನು ಯೋಚಿಸಿರುವುದಿಲ್ಲ, ಅಷ್ಟೆ.

ಇದೆಲ್ಲವೂ ದೊಡ್ಡವರ ಮಾತಾಯಿತು. ಚಿಕ್ಕವರ ವಿಷಯಕ್ಕೆ ಬರೋಣ. ತೊಟ್ಟಿಲ ಕೂಸು ತನ್ನ ಮೇಲೆ ಬಾಗಿದ ಮುಖ ಎಂಥದೇ ಇರಲಿ, ನಿತ್ಯವೂ ಎತ್ತಿ ಆಡಿಸುವ ಮುಖವಾದರೆ ನಗುತ್ತದೆ. ಅಜ್ಜಿಯ ಗಲ್ಲದ ಮೇಲಿನ ಸುಟ್ಟ ಕಲೆಯನ್ನು ಬೆರಳಿನಿಂದ ಮುಟ್ಟಿ ಆಡುತ್ತದೆ. ಅದಕ್ಕೆ ಅಸಹ್ಯವೆಂಬುದನ್ನು ಯಾರಾದರೂ ಕಲಿಸಬೇಕು, ನಾವು ಕಲಿಸುತ್ತೇವೆ. ಉಣ್ಣದ ಮಗುವಿಗೆ, “ಸುಮ್ಮನೆ ಉಣ್ಣು, ಇಲ್ಲಾಂದ್ರ ಆ ಸುಟ್ಟಮಾರಿಯವ ಬಂದು ಹಿಡಕೊಂಡು ಹೋಗ್ತಾನ” ಎಂದು ಹೆದರಿಸುವುದು ಮೊದಲನೆಯ ಪಾಠ. ಊರಿನಲ್ಲಿ ಯಾವನೋ ಒಬ್ಬ ಬಡವನು ಬೆಂಕಿಯ ಅವಘಡದಿಂದ ಬದುಕಿ ಉಳಿದು ಕೂಲಿಮಾಡಿ ಉಣ್ಣುತ್ತಿರುತ್ತಾನೆ. ಅವನಿಗೆ ಅರಿವಿಲ್ಲದಂತೆಯೇ ನೂರು ಮನೆಗಳಲ್ಲಿ ಅವನನ್ನು ಗುಮ್ಮನನ್ನಾಗಿ ಮಾಡಿಟ್ಟಿರುತ್ತೇವೆ.

ಎರಡನೆಯ ಪಾಠವು ಜಾತ್ರೆಯಲ್ಲಿ. ನಾಲ್ಕು ವರ್ಷದ ಮಗುವು ಬೆರಳು ಚಾಚಿ, “ಯವ್ವಾ, ಆ ಅಜ್ಜನ ಮಾರಿಗೆ ಏನಾಗೇತಿ?” ಎಂದು ಗಟ್ಟಿಯಾಗಿ ಕೇಳುತ್ತದೆ. ತಾಯಿಯು ನಾಚಿ, ಅದರ ಬಾಯಿಗೆ ಕೈ ಮುಚ್ಚಿ, ದರದರನೆ ಎಳೆದುಕೊಂಡು ಹೋಗುತ್ತಾಳೆ. ಆಕೆಯ ಮನಸ್ಸಿನಲ್ಲಿರುವುದು ಸೌಜನ್ಯವೇ. ಆದರೆ ಮಗುವು ಕಲಿತದ್ದು, ಆ ಮುಖದಲ್ಲಿ ಹೇಳಬಾರದಂಥ, ಓಡಿಹೋಗಬೇಕಾದಂಥ ಏನೋ ಇದೆಯೆಂದು. ಅಲ್ಲಿ ನಿಂತು, “ಹಿಂದೊಮ್ಮೆ ಬೆಂಕಿ ತಾಗಿರಬೇಕವ್ವ, ಈಗ ಮಾದೈತಿ. ಬೆರಳು ಮಾಡಬ್ಯಾಡ, ಅಜ್ಜಗ ಶರಣು ಅನ್ನು” ಎಂದರೆ ಸಾಕಾಗಿತ್ತು. ಮಗುವು ಕೈ ಜೋಡಿಸುತ್ತಿತ್ತು, ಅಜ್ಜನು ಶರಣಾರ್ಥಿಯೆನ್ನುತ್ತಿದ್ದನು. ಒಮ್ಮೆ ಶರಣು ಹೇಳಿದ ಮುಖವು ಮಗುವಿಗೆ ಗುಮ್ಮನಾಗುವುದಿಲ್ಲ.

ನೋಟದ ವಿಷಯದಲ್ಲಿ ಷಟ್‌ಸ್ಥಲಶಾಸ್ತ್ರವು ಹೇಳುವುದನ್ನು ಮಕ್ಕಳಿಗೆ ತಿಳಿಯುವಂತೆ ಹೇಳಬಹುದು. ಘ್ರಾಣದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ, ನೇತ್ರದಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ಕಣ್ಣು ಕಂಡ ರೂಪವೆಲ್ಲವೂ ಶಿವಲಿಂಗಕ್ಕೆ ಸಲ್ಲುವ ಅರ್ಪಿತ. ಇಂಥ ರೂಪ ಅರ್ಪಿಸಬಹುದು, ಇಂಥದು ಬೇಡ ಎಂಬ ಭೇದವನ್ನು ಶಾಸ್ತ್ರವು ಮಾಡಿಲ್ಲ. ಕಣ್ಣರಳಿಸಿ ದಿಟ್ಟಿಸುವುದೂ ಅರ್ಪಿತವಲ್ಲ, ಕಂಡೊಡನೆ ಮುಖ ತಿರುವುವುದೂ ಅರ್ಪಿತವಲ್ಲ. ಅಂಗೈಯ ಲಿಂಗವನ್ನು ಮೆಲ್ಲನೆ, ಎವೆಯಿಕ್ಕುವ ಅವಸರವಿಲ್ಲದೆ ನೋಡಲು ಕಲಿತ ಮಗುವಿಗೆ ಎದುರಿನವರ ಕಣ್ಣನ್ನು ನೋಡಿ ಮಾತನಾಡುವುದೇನೂ ಕಷ್ಟವಾಗದು. ಕಲೆಯನ್ನಲ್ಲ, ಕಣ್ಣನ್ನು ನೋಡು ಎಂದು ಹೇಳಿಕೊಟ್ಟರಾಯಿತು.

ಇನ್ನು ಅಡ್ಡಹೆಸರಿನ ಪಿಡುಗು. ಬಂದವನನ್ನು ನಮ್ಮವನೆಂದೇ ಎಣಿಸುವಂತೆ ಮಾಡೆಂದು ಸಂಗಮನಾಥನನ್ನು ಬೇಡುವ ವಚನವನ್ನು ನಮ್ಮ ಹುಡುಗರು ಬೆಳಗಿನ ಪ್ರಾರ್ಥನೆಯಲ್ಲಿ ರಾಗವಾಗಿ ಹೇಳುತ್ತಾರೆ. ಗಂಟೆ ಹೊಡೆದೊಡನೆ ಬಯಲಿಗೆ ಓಡಿ ಒಬ್ಬನನ್ನು ‘ಹರಕತುಟಿ’ ಎನ್ನುತ್ತಾರೆ, ಇನ್ನೊಬ್ಬನನ್ನು ‘ಬಿಳಿಮಚ್ಚಿ’ ಎನ್ನುತ್ತಾರೆ. ಕರೆಯುವ ಮಾತಿನಲ್ಲಿಯೇ ಸ್ವರ್ಗನರಕಗಳಿವೆಯೆಂಬ ಅಣ್ಣನವರ ಅಭಿಪ್ರಾಯವನ್ನು ಪರೀಕ್ಷೆಗೆ ಬರೆದು ಅಂಕ ಪಡೆದವರೂ ಅವರಲ್ಲಿರುತ್ತಾರೆ.

ನಮ್ಮ ಮಠದ ಶಾಲೆಯಲ್ಲಿ ಒಬ್ಬ ಹುಡುಗನಿದ್ದನು. ತುಟಿಗೆ ಶಸ್ತ್ರಕ್ರಿಯೆಯಾಗಿತ್ತು, ಅಂಗುಳವು ಪೂರ್ಣವಾಗಿ ಸರಿಹೋಗಿರಲಿಲ್ಲ. ಉಸಿರು ಮೂಗಿನೊಳಕ್ಕೆ ನುಸುಳಿಹೋಗುತ್ತಿದ್ದುದರಿಂದ ಅವನು ‘ಬಸವ’ ಎಂದರೆ ಕೇಳುವವರಿಗೆ ‘ಮಸವ’ ಎಂದಾಗುತ್ತಿತ್ತು. ಅದೇ ಅವನ ಅಡ್ಡಹೆಸರೂ ಆಯಿತು. ಅವನು ಪ್ರಾರ್ಥನೆಯಲ್ಲಿ ತುಟಿ ಅಲುಗಿಸುವುದನ್ನೇ ಬಿಟ್ಟನು. ನಾನು ಅವನೊಬ್ಬನನ್ನೇ ಕರೆದು, ತರಗತಿಯಲ್ಲಿ ಇದರ ವಿಷಯವನ್ನು ಎತ್ತಬಹುದೇ ಎಂದು ಕೇಳಿದೆನು. ಎರಡು ದಿನ ಕಳೆದು ಆಗಲೆಂದನು. ಅಂದು ವ್ಯಾಕರಣದ ಪಾಠ. ಬಕಾರಕ್ಕೂ ಮಕಾರಕ್ಕೂ ಉತ್ಪತ್ತಿಸ್ಥಾನವು ಒಂದೇ, ಓಷ್ಠ. ಮಕಾರದಲ್ಲಿ ಉಸಿರು ಮೂಗಿನಿಂದಲೂ ಹೊರಡುತ್ತದೆ, ಅಷ್ಟೇ ಭೇದವೆಂದು ತಿಳಿಸಿದೆನು. ಬಳಿಕ, ಉಸಿರನ್ನು ಮೂಗಿನಲ್ಲಿ ಬಿಡುತ್ತ ‘ಬಸವ’ ಎನ್ನಿರೆಂದು ಎಲ್ಲರಿಗೂ ಹೇಳಿದೆನು. ನಲವತ್ತು ಹುಡುಗರೂ ‘ಮಸವ’ ಎಂದರು. ಮತ್ತೊಮ್ಮೆ ಹೇಳಿದರೂ ‘ಮಸವ’ವೇ. ನಕ್ಕರು, ಅವನೂ ನಕ್ಕನು. ಅಂಗುಳವೆಂಬ ಬಾಗಿಲು ಮುಚ್ಚದಿದ್ದರೆ ನಿಮ್ಮ ನಾಲಗೆಯೂ ಇಷ್ಟನ್ನೇ ನುಡಿಯುತ್ತದೆ, ಇವನ ಬುದ್ಧಿಗೂ ನಾಲಗೆಗೂ ಕುಂದಿಲ್ಲವೆಂದು ಹೇಳಿ ಮುಂದಿನ ಸೂತ್ರಕ್ಕೆ ಹೋದೆನು. ಅಡ್ಡಹೆಸರು ಅಂದೇ ಅಳಿಯಿತೆಂದರೆ ಸುಳ್ಳಾದೀತು. ಇಬ್ಬರು ದೀಪಾವಳಿಯವರೆಗೂ ಅನ್ನುತ್ತಿದ್ದರು. ಉಳಿದವರು ನಗುವುದನ್ನು ಬಿಟ್ಟರು. ನಗುವವರಿಲ್ಲದ ಅಡ್ಡಹೆಸರಿಗೆ ಆಯುಷ್ಯ ಕಡಮೆ.

ಮಕ್ಕಳಿಗೆ ಕಾರಣವನ್ನು ಬಿಡಿಸಿ ಹೇಳಿದರೆ ಭಯವು ತಾನಾಗಿ ಕರಗುತ್ತದೆ. ತೊನ್ನು ಎಂಬುದು ಚರ್ಮಕ್ಕೆ ಬಣ್ಣ ಕೊಡುವ ಕಣಗಳು ನಶಿಸುವುದರಿಂದ ಆಗುವುದು. ಮುಟ್ಟಿದರೆ ಅಂಟುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ. ಕುಷ್ಠಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ಕುಷ್ಠವಾದರೂ 1981ರಿಂದ ಈಚೆಗೆ ಬಂದ ಬಹುಔಷಧಿ ಚಿಕಿತ್ಸೆಯಿಂದ ಗುಣವಾಗುತ್ತದೆ. ಗುಣವಾದವರ ಮುಖದಲ್ಲಿ ಉಳಿದ ಗುರುತು ರೋಗವಲ್ಲ. ಆಸಿಡ್ ದಾಳಿಗೆ ತುತ್ತಾದವರನ್ನು 2016ರ ಕಾಯಿದೆಯು ಅಂಗವಿಕಲರ ಹಕ್ಕುಗಳಿಗೆ ಪಾತ್ರರೆಂದು ಸೇರಿಸಿದೆ. ಕಾಯಿದೆಯು ಹಕ್ಕನ್ನು ಕೊಡಬಲ್ಲದು. ಬಸ್ಸಿನಲ್ಲಿ ಪಕ್ಕದ ಆಸನ ಬರಿದಾಗಿಯೇ ಉಳಿದರೆ ಅದಕ್ಕೆ ಕಾಯಿದೆಯೇನು ಮಾಡೀತು?

ಸೀಳುತುಟಿಯ ಕೂಸು ಹುಟ್ಟಿದ ಮನೆಯವರಿಗೆ ಎರಡು ಮಾತು ಹೇಳಲೇಬೇಕು. ಅಂಗುಳ ಸೀಳಿದ್ದರೆ ಕೂಸಿಗೆ ಮೊಲೆಯನ್ನು ಚೀಪಿ ಹಾಲೆಳೆಯಲು ಬಾರದು. ಎದೆಹಾಲನ್ನು ಹಿಂಡಿ ತೆಗೆದು, ಕೂಸಿನ ತಲೆಯನ್ನು ಎತ್ತರಿಸಿ ಹಿಡಿದು, ಒಳಲೆಯಿಂದ ತುಸುತುಸುವಾಗಿ ಕುಡಿಸಬೇಕು. ನಮ್ಮ ಅಜ್ಜಿಯಂದಿರ ಒಳಲೆಯನ್ನು ಇಂದಿನ ವೈದ್ಯರೂ ಇದಕ್ಕೆ ಒಪ್ಪುತ್ತಾರೆಂಬುದು ಸಂತೋಷದ ಮಾತು. ತುಟಿಯ ಶಸ್ತ್ರಕ್ರಿಯೆಯನ್ನು ಸಾಮಾನ್ಯವಾಗಿ ಮೊದಲ ಆರು ತಿಂಗಳೊಳಗೆ, ಅಂಗುಳದ್ದನ್ನು ಒಂದೂವರೆ ವರ್ಷದೊಳಗೆ ಮಾಡುತ್ತಾರೆ. ಬಳಿಕ ಮಾತಿನ ಅಭ್ಯಾಸವೂ ಬೇಕಾಗುವುದುಂಟು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದರ ತಪಾಸಣೆ, ಚಿಕಿತ್ಸೆಗಳು ಸೇರಿವೆ. ಸರಕಾರಿ ಆಸ್ಪತ್ರೆಯಲ್ಲಿ ಇಲ್ಲವೇ ಅಂಗನವಾಡಿಯಲ್ಲಿ ವಿಚಾರಿಸತಕ್ಕದ್ದು. ಆದರೆ ತುಟಿ ಹೊಲಿದ ಮೇಲೆ ನಾಮಕರಣ ಮಾಡೋಣ, ಕಲೆ ಮಾಸಿದ ಮೇಲೆ ನೆಂಟರಿಗೆ ತೋರಿಸೋಣವೆಂದು ತಡೆಯಬಾರದು. ಕಲೆಯು ಪೂರ್ತಿ ಮಾಸುವುದಿಲ್ಲ. ಸೆರಗಿನ ಮರೆಯಲ್ಲಿ ಬೆಳೆದ ಮಗುವು ತಾನು ಮುಚ್ಚಿಡತಕ್ಕ ವಸ್ತುವೆಂದೇ ತಿಳಿಯುತ್ತದೆ. ಅದರ ಅಣ್ಣಅಕ್ಕಂದಿರೂ ಹಾಗೆಯೇ ತಿಳಿಯುತ್ತಾರೆ.

ಇಂಥವರನ್ನು ಕಂಡಾಗ ನಾವು ‘ಅಯ್ಯೋ ಪಾಪ’ ಎನ್ನುತ್ತೇವೆ. ದಯೆಯಿಂದಲೇ ಅನ್ನುತ್ತೇವೆ, ಸಂದೇಹವಿಲ್ಲ. ಆದರೂ ಆ ಶಬ್ದದ ಅರ್ಥವೇನೆಂದು ಒಮ್ಮೆ ಯೋಚಿಸಿರಿ. ಕನ್ನಡದಲ್ಲಿ ಕನಿಕರಕ್ಕೂ ದುಷ್ಕೃತ್ಯಕ್ಕೂ ಒಂದೇ ಮಾತಾಗಿರುವುದು ಭಾಷೆಯ ವಿನೋದವಿರಬಹುದು. ದಿನಕ್ಕೆ ಹತ್ತು ಬಾರಿ ತನ್ನನ್ನು ನೋಡಿ ‘ಪಾಪ’ ಎಂದುದನ್ನು ಕೇಳಿ ಬೆಳೆದ ಹುಡುಗಿಗೆ ಅದು ವಿನೋದವಾಗಿರದು. ದಯೆಯು ಧರ್ಮದ ಮೂಲವೆಂಬ ಬಸವವಾಣಿಯ ದಯೆಯು ಸಕಲ ಪ್ರಾಣಿಗಳಿಗೂ ಸಲ್ಲುವಂಥದು, ಮೇಲಿನಿಂದ ಸುರಿಯುವ ಮರುಕವಲ್ಲ. ಆಟಕ್ಕೆ ಕರೆಯುವುದು, ಸರದಿ ಬಂದಾಗ ಔಟಾದರೆ ಔಟೆಂದೇ ಹೇಳುವುದು, ಜಗಳ ಬಂದಾಗ ಮುಖದ ಮಾತನ್ನು ಎತ್ತದೆ ಜಗಳವಾಡುವುದು, ಇಷ್ಟು ಮಕ್ಕಳಿಂದ ಆಗುತ್ತದೆ. ‘ನಿನಗೇನಾಯಿತು’ ಎಂದು ಮೊದಲ ಭೇಟಿಯಲ್ಲಿಯೇ ಕೇಳಕೂಡದು. ಹೇಳುವುದು ಬಿಡುವುದು ಆ ಮುಖದ ಒಡೆಯನಿಗೆ ಸೇರಿದ್ದು. ಶಾಲೆಯ ನಾಟಕದಲ್ಲಿ ಕಲೆಯಿರುವ ಹುಡುಗನನ್ನೇ ಹುಡುಕಿ ರಾಕ್ಷಸನ ಪಾತ್ರ ಕೊಡುವ ಉಪಾಧ್ಯಾಯರಿಗೂ ನನ್ನದೊಂದು ವಿಜ್ಞಾಪನೆ: ಬಣ್ಣ ಹಚ್ಚಿದ ಮೇಲೆ ಯಾವ ಮುಖವಾದರೂ ರಾಮನಾಗುತ್ತದೆ.

ಮುಖ ನೋಡಿ ಮಣೆ ಹಾಕುವುದು ಎಂಬ ಗಾದೆಯು ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ. ದಾಸೋಹದ ಪಂಕ್ತಿಯಲ್ಲಿ ತಂದೆತಾಯಿಗಳು ಯಾರ ಪಕ್ಕದ ಎಲೆಯನ್ನು ಬಿಟ್ಟು ಮುಂದೆ ಸರಿಯುತ್ತಾರೆಂಬುದನ್ನು ಮಕ್ಕಳು ನೋಡಿಯೇ ನೋಡುತ್ತಾರೆ. ಆಮೇಲೆ ಎಷ್ಟು ವಚನ ಹೇಳಿಕೊಟ್ಟರೂ ಆ ಎಲೆಯೇ ನೆನಪಿರುತ್ತದೆ. ಬರುವ ಶ್ರಾವಣದಲ್ಲಿ ಪ್ರವಚನಕ್ಕೆ ಮಕ್ಕಳನ್ನು ಕರೆತರುವಿರಷ್ಟೆ. ಕಂಬದ ಮರೆಯಲ್ಲಿ ಮಗುವಿನ ಮುಖಕ್ಕೆ ಸೆರಗು ಮುಚ್ಚಿಕೊಂಡು ಕುಳಿತ ತಾಯಿಯೊಬ್ಬಳು ಕಂಡರೆ, ನಿಮ್ಮ ಮಗುವನ್ನು ಆಕೆಯ ಮಗ್ಗುಲಿಗೆ ಕೂಡಿಸಿ ನೀವೂ ಕುಳಿತುಕೊಳ್ಳಿರಿ. “ಕೂಸಿನ ಹೆಸರೇನಿಟ್ಟೀರಿ, ತಂಗೀ?” ಎಂದು ಕೇಳಿರಿ.