ಪ್ಲಗ್ಗಿನ ಕಿಡಿಯೂ ಅದೃಷ್ಟವೂ

ಮನೆಯಲ್ಲೇ ವೈರ್ ಜೋಡಿಸಿದ ದೀಪದ ಪ್ಲಗ್ ಹಾಕಿದೊಡನೆ ಚಟ್ಟೆಂದು ಕಿಡಿ ಹಾರಿದರೆ, ರಾಗಿಗುಡ್ಡದ ಮನೆಯಾಗಲಿ ಭದ್ರಾವತಿಯ ಕ್ವಾರ್ಟರ್ಸ್ ಆಗಲಿ, ‘ಯಾರದೋ ದೃಷ್ಟಿ ತಗಲಿದೆ’, ‘ನಮ್ಮ ಗ್ರಹಚಾರವೇ ಸರಿಯಿಲ್ಲ’ ಎನ್ನುವವರು ಒಬ್ಬರಾದರೂ ಇರುತ್ತಾರೆ. ಇದನ್ನು ಮೂಢನಂಬಿಕೆ ಎಂದು ನಕ್ಕು ಬಿಡುವುದು ಸುಲಭ. ಆದರೆ ವಿಜ್ಞಾನದ ಮಾತಿರಲಿ, ಶಾಸ್ತ್ರದ ಲೆಕ್ಕದಲ್ಲೇ ಗ್ರಹಚಾರದ ಮಾತು ಅವಸರದ ತೀರ್ಪು. ಕಣಾದನ ವೈಶೇಷಿಕ ಸೂತ್ರಗಳು ಸೂಜಿ ಅಯಸ್ಕಾಂತದತ್ತ ಸರಿಯುವುದನ್ನೂ ಬೆಂಕಿಯ ಜ್ವಾಲೆ ಮೇಲಕ್ಕೇ ಏಳುವುದನ್ನೂ ಅದೃಷ್ಟದ, ಎಂದರೆ ಕಾಣದ ಕಾರಣದ, ಖಾತೆಗೆ ಬರೆದವು. ತಳ್ಳುವ ಕೈ ಕಾಣಲಿಲ್ಲ, ಅದಕ್ಕೆ. ಕಾಣುವ ಕಾರಣ ಸಿಗುವಲ್ಲಿ ಕಾಣದ್ದನ್ನು ಕಲ್ಪಿಸಬಾರದೆಂಬುದು ಮೀಮಾಂಸಕರ ಕಟ್ಟುನಿಟ್ಟು. ಇದು ನಮಗೆ ದೂರದ ಸಂಗತಿಯೂ ಅಲ್ಲ. ಇದೇ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯ ಕೋಡಿಮಠದಲ್ಲಿ ನ್ಯಾಯ, ವೈಶೇಷಿಕ, ಮೀಮಾಂಸೆಗಳ ವ್ಯಾಖ್ಯಾನ ನಡೆಯುತ್ತಿತ್ತೆಂದು 1162ರ ಶಾಸನ ಹೇಳುತ್ತದೆ. ಆ ಪಾಠದ ಪ್ರಕಾರ, ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ಗ್ರಹಚಾರವನ್ನು ಕರೆಯುವವನು ಅಧಾರ್ಮಿಕನಲ್ಲದಿದ್ದರೂ ಸರದಿ ತಪ್ಪಿಸಿದವನು.

ಹಾಗಾದರೆ ಕಿಡಿ ಏನನ್ನು ಹೇಳುತ್ತದೆ? ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಬೆಂಕಿಯಿಂದ ಹೊಗೆಯನ್ನಲ್ಲ. ಹೊಗೆಗೆ ಹಸಿ ಸೌದೆಯೂ ಬೇಕು. ನೈಯಾಯಿಕರು ಈ ನಡುವಿನ ಷರತ್ತನ್ನು ಉಪಾಧಿ ಎಂದರು. ಕಿಡಿಯ ವಿಚಾರದಲ್ಲೂ ಅಂಥ ಷರತ್ತನ್ನು ಹುಡುಕದೆ ತೀರ್ಮಾನಕ್ಕೆ ಬರುವಂತಿಲ್ಲ. ಸಾಕೆಟ್ಟಿನ ಸ್ವಿಚ್ ಆನ್ ಇರುವಾಗಲೇ ಎಲ್‌ಇಡಿ ದೀಪದ ಪ್ಲಗ್ ತುರುಕಿದರೆ, ಅದರ ಡ್ರೈವರಿನ ಕೆಪಾಸಿಟರ್ ಒಮ್ಮೆಲೇ ಕರೆಂಟ್ ಎಳೆದುಕೊಂಡು ಸಣ್ಣ ಕಿಡಿ ಬರುವುದುಂಟು. ದೀಪದಲ್ಲಿ ದೋಷವೇನೂ ಇರುವುದಿಲ್ಲ. ಸ್ವಿಚ್ ಆಫ್ ಮಾಡಿ ಪ್ಲಗ್ ಹಾಕಿ, ಆಮೇಲೆ ಆನ್ ಮಾಡಿದರೆ ಆ ಕಿಡಿ ಪ್ಲಗ್ಗಿನಲ್ಲಿ ಕಾಣದು. ಆಗಲೂ ಢಂ ಎಂದು ಎಂಸಿಬಿ ಬಿದ್ದರೆ ಸಂಗತಿ ಬೇರೆ. ಹೋಲ್ಡರಿನೊಳಗೆ ಸ್ಕ್ರೂವಿಗೆ ಸಿಗದೆ ಹೊರಚಾಚಿದ ಒಂದೇ ಒಂದು ತಾಮ್ರದ ಎಳೆ ಫೇಸಿಗೂ ನ್ಯೂಟ್ರಲ್ಲಿಗೂ ಸೇತುವೆಯಾಗಿರಬಹುದು. ಎಲೆಕ್ಟ್ರಿಷಿಯನ್ನರು ಇದನ್ನು ಸೀರೀಸ್ ಬಲ್ಬಿನಿಂದ ಹಿಡಿಯುತ್ತಾರೆ: ದೀಪದ ಬಲ್ಬ್ ಕಳಚಿ, 100 ವಾಟ್‌ನ ಹಳೇ ಬಲ್ಬೊಂದರ ಮೂಲಕ ಕರೆಂಟ್ ಕೊಟ್ಟಾಗ ಆ ಬಲ್ಬ್ ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ. 230 ವೋಲ್ಟಿನ ಮುಂದೆ ನಿಂತ ಈ ಅನುಮಾನ ಪ್ರಮಾಣಕ್ಕೆ ಯಾವ ತರ್ಕಗ್ರಂಥದ ಉದಾಹರಣೆಯೂ ಸಾಟಿಯಲ್ಲ ಎಂದೇ ನನಗನ್ನಿಸುತ್ತದೆ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ. ಎಳೆ ಸಿಕ್ಕಿತು ಸರಿ, ಆದರೆ ಅದು ನನ್ನ ಕೈಯಲ್ಲೇ, ಇಂದೇ ಏಕೆ? ಮಧ್ಯ ಆಫ್ರಿಕಾದ ಅಝಾಂಡೆ ಜನರ ಬಗ್ಗೆ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ 1937ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದೇ ಪ್ರಶ್ನೆ ಬರುತ್ತದೆ. ಗೆದ್ದಲು ತಿಂದು ಕಣಜ ಕುಸಿಯಿತೆಂದು ಅವರಿಗೆ ಗೊತ್ತು. ಇವನು ಕೆಳಗೆ ಕೂತಿದ್ದಾಗಲೇ ಏಕೆ ಕುಸಿಯಿತೆಂಬುದಕ್ಕೆ ಅವರು ಮಾಟವನ್ನು ಕಾರಣ ಹೇಳುತ್ತಾರೆ. ಈ ಪ್ರಶ್ನೆ ಪೊಳ್ಳಲ್ಲ, ಅದನ್ನು ಕೇಳುವ ಹಕ್ಕು ಎಲ್ಲರಿಗೂ ಇದೆ. ಆದರೆ ಅದರ ಉತ್ತರ ಏನೇ ಬರಲಿ, ಎಳೆ ಇದ್ದಲ್ಲೇ ಇರುತ್ತದೆ, ನಾಳೆ ಸ್ವಿಚ್ ಒತ್ತುವ ಮಗುವಿಗೂ ಅದೇ ಕಾದಿರುತ್ತದೆ. ಕರ್ಮವೆಂದರೆ ಹಿಂದೆ ಮಾಡಿದ್ದರ ಫಲ ಎನ್ನುವುದಾದರೆ, ಸ್ಕ್ರೂ ಬಿಗಿಮಾಡದೆ ಬಿಟ್ಟದ್ದೂ ಹಿಂದಿನ ಕರ್ಮವೇ. ಅದಕ್ಕಾಗಿ ಹಿಂದಿನ ಜನ್ಮದವರೆಗೆ ಹೋಗಬೇಕಿಲ್ಲ. (ಆಯುಧಪೂಜೆಯ ದಿನ ಮೀಟರ್ ಬೋರ್ಡಿಗೆ ಕುಂಕುಮ ಹಚ್ಚುವವರ ಮೇಲೆ ನನ್ನ ತಕರಾರಿಲ್ಲ. ಹಚ್ಚುವಾಗ ಬೋರ್ಡಿನ ಹತ್ತಿರ ಹೋಗಿ ನೋಡುತ್ತಾರಲ್ಲ, ಅಷ್ಟೇ ಲಾಭ.)

ಚಾರ್ವಾಕನ ಆಕ್ಷೇಪ ಇದಕ್ಕೆ ತದ್ವಿರುದ್ಧ: ಕಂಡದ್ದನ್ನಷ್ಟೇ ನಂಬು, ಊಹೆ ಬಿಡು. ಕಿಡಿ ಕಂಡಾಗ ಹೆದರಿದರೆ ಸಾಕು ಎನ್ನುವವರಿಗೆಲ್ಲ ಈ ಮತ ಒಪ್ಪುತ್ತದೆ. ಆದರೆ ವಿದ್ಯುತ್ತಿನಲ್ಲಿ ಅಪಾಯದ್ದೆಲ್ಲ ಕಣ್ಣಿಗೆ ಬೀಳುವುದಿಲ್ಲ. ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್ ತಂತಿಯಲ್ಲಿ ಕೂರಿಸಿದರೆ ದೀಪ ಆರುತ್ತದೆ, ಕಿಡಿಯಿಲ್ಲ, ಸದ್ದಿಲ್ಲ. ಹೋಲ್ಡರಿನಲ್ಲಿ ಮಾತ್ರ ಫೇಸ್ ಹಾಗೇ ನಿಂತಿರುತ್ತದೆ. ಅರ್ತ್ ಜೋಡಿಸದ ಲೋಹದ ದೀಪದ ಮೈಗೆ ಫೇಸ್ ತಗಲಿದ್ದರೂ ಅಷ್ಟೇ, ಯಾರಾದರೂ ಮುಟ್ಟುವವರೆಗೆ ಅದು ಚೆನ್ನಾಗಿಯೇ ಬೆಳಗುತ್ತಿರುತ್ತದೆ. ಆ ದೀಪದ ಬಗ್ಗೆ ಪ್ರತ್ಯಕ್ಷವಾದಿ ಹೇಳಬಲ್ಲದ್ದೂ ಗ್ರಹಚಾರವಾದಿ ಹೇಳಬಲ್ಲದ್ದೂ ಒಂದೇ: ಎಲ್ಲ ಸರಿಯಿದೆ. ಟೆಸ್ಟರ್ ಹಿಡಿದು ಅದರ ಮೈ ಮುಟ್ಟಿಸಿ ನೋಡುವುದು ಅನುಮಾನ ಉಳಿಸಿಕೊಂಡವನು ಮಾತ್ರ.