ಬರೆಸಿಕೊಂಡವರ ಬಾಯಿ

ಚಿತ್ರಕಲಾ ಶಾಲೆಯ ಕೊನೇ ವರ್ಷದಲ್ಲಿ ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ‘ನಿನ್ನದು ಅಂತ ಏನಿದೆ?’

ಮೊದಲ ವರ್ಷ ಯಾರೂ ಇದನ್ನು ಕೇಳುವುದಿಲ್ಲ. ಮಡಕೆ, ಬಾಟಲಿ, ಮಡಿಸಿದ ಬಟ್ಟೆ ಇಟ್ಟು ಬರಿ ಅಂತಾರೆ, ಬರೀತೀವಿ. ಆಮೇಲೆ ಎದುರಿಗೆ ಮನುಷ್ಯರನ್ನು ಕೂರಿಸುತ್ತಾರೆ, ಅವರನ್ನೂ ಬರೀತೀವಿ. ಕೊನೇ ವರ್ಷದ ಸ್ಟುಡಿಯೋದಲ್ಲಿ ಎದುರಿಗೆ ಏನೂ ಇರುವುದಿಲ್ಲ. ಒಂದು ಗೋಡೆ, ಒಂದು ಈಸಲ್, ಒಂದು ಕಿಟಕಿ. ವರ್ಷ ಮುಗಿಯುವುದರೊಳಗೆ ಒಂದೇ ಎಳೆ ಹಿಡಿದ ಹತ್ತು ಹನ್ನೆರಡು ಚಿತ್ರ ಆಗಬೇಕು. ಅವನ್ನು ಗೋಡೆಗೆ ತೂಗುಹಾಕಿ, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ನಿಂತು ‘ಇದು ನನ್ನದು’ ಅಂತ ಸಾಧಿಸಬೇಕು. ಅದಾದರೆ ಪದವಿ.

ಪಹಣಿಯಲ್ಲಿ ಹೆಸರಿಲ್ಲದ ಮನೆಗಳಿಂದ ಬಂದ ನಮಗೆ ಈ ಪ್ರಶ್ನೆ ಹೊಸದಲ್ಲ. ಶಾನುಭೋಗ ನಮ್ಮ ತಾತಂದಿರನ್ನು ಇದನ್ನೇ ಕೇಳಿದ್ದ. ಆಗ ‘ಏನೂ ಇಲ್ಲ ಬುದ್ಧಿ’ ಅನ್ನೋದು ಉತ್ತರವಾಗಿತ್ತು. ಈಗ ಉತ್ತರವನ್ನು ನಮ್ಮ ಪರವಾಗಿ ಬೇರೆಯವರೇ ಸಿದ್ಧಮಾಡಿ ಇಟ್ಟಿರುತ್ತಾರೆ: ‘ನಿಮ್ಮ ನೋವಿದೆಯಲ್ಲ, ಅದನ್ನೇ ಬರಿ.’

ಹೀಗೆ ಹೇಳುವ ಮೇಷ್ಟ್ರು ಕೆಟ್ಟವರಲ್ಲ. ಅವರ ಪಕ್ಕದಲ್ಲೇ ಇನ್ನೊಬ್ಬರು ಇರುತ್ತಾರೆ: ‘ಎಷ್ಟು ದಿನ ಅಂತ ಜಾತಿಗೇ ಅಂಟಿಕೊಂಡಿರ್ತೀಯಪ್ಪ, ಅದರಾಚೆ ಬಾ, ಶುದ್ಧ ರೂಪ, ಶುದ್ಧ ಬಣ್ಣ ನೋಡು’ ಅನ್ನುವವರು. ಶುದ್ಧ ಅನ್ನುವ ಮಾತು ಬಿದ್ದರೆ ನಮ್ಮ ಕಿವಿ ಯಾಕೆ ನಿಮಿರುತ್ತೆ ಅಂತ ಅವರಿಗೆ ಗೊತ್ತಾಗುವುದಿಲ್ಲ. ಒಬ್ಬರು ನೋವನ್ನು ಬರಿ ಅಂದರು, ಇನ್ನೊಬ್ಬರು ಬಿಡು ಅಂದರು. ನೋವು ನಮ್ಮ ಸ್ವಂತ ಆಸ್ತಿ, ಬೇಕಾದರೆ ಖರ್ಚು ಮಾಡಬಹುದು, ಬೇಡವಾದರೆ ಮೂಲೆಗಿಡಬಹುದು ಅಂತ ಇಬ್ಬರೂ ನಂಬಿದ್ದಾರೆ. ನಮ್ಮ ತಕರಾರು ಇರೋದು ಅಲ್ಲಿ.

ಅವ್ವನ ಬಾಗಿದ ಬೆನ್ನು ಅವ್ವನದು. ಗೌಡನ ಕೊಟ್ಟಿಗೆ ಗುಡಿಸಿದವಳು ಅವಳು, ನಾವಲ್ಲ. ಅವಳು ಗುಡಿಸಿದ್ದರಿಂದ ನಾವು ಹಾಸ್ಟೆಲ್ ಸೇರಿದೆವು, ಸ್ಕಾಲರ್‌ಶಿಪ್ಪಿನಲ್ಲಿ ಓದಿದೆವು, ಕುಂಚ ಹಿಡಿದೆವು. ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಾತ್ರಕ್ಕೆ ಅವಳ ಬೆನ್ನೂ ನಮಗೆ ಪಿತ್ರಾರ್ಜಿತವಾಗಿ ಬಂತೆ? ಹುಟ್ಟಿನಿಂದಲೇ ಹಕ್ಕು ಬರುತ್ತೆ ಅಂತ ಈ ದೇಶದಲ್ಲಿ ಯಾರು ಹೇಳಿಕೊಂಡು ಬಂದರು ಅನ್ನೋದು ನಮಗೆ ಚೆನ್ನಾಗಿ ಗೊತ್ತಿದೆ. ಅದೇ ಮಾತನ್ನು ಎತ್ತಿಕೊಂಡು ನಾವು ನಮ್ಮ ಅವ್ವನ ಮೇಲೆ ಹೂಡಬಹುದೆ, ಗೆಳೆಯರೆ?

ಲೈಫ್ ಸ್ಟಡಿ ಅನ್ನುವ ತರಗತಿ ನೋಡಿದವರಿಗೆ ಈ ಪ್ರಶ್ನೆ ಬೇಗ ನಾಟುತ್ತದೆ. ಎತ್ತರದ ಕಟ್ಟೆ ಮೇಲೆ ಒಬ್ಬ ಮುದುಕ. ದಿನಗೂಲಿ. ಕತ್ತು ತಿರುಗಿಸೋ ಹಾಗಿಲ್ಲ, ನೊಣ ಕೂತರೂ ಕೈ ಎತ್ತೋ ಹಾಗಿಲ್ಲ. ಸುತ್ತ ಇಪ್ಪತ್ತು ಹುಡುಗರು ಪೆನ್ಸಿಲು ಮುಂದೆ ಹಿಡಿದು ಅವನ ಕೊರಳ ಮೂಳೆ, ಪಕ್ಕೆಲುಬು ಅಳೀತಾರೆ. ಬಡವನ ಮೈಯಲ್ಲಿ ಮೂಳೆ ಚೆನ್ನಾಗಿ ಕಾಣುತ್ತೆ, ಅಂಗರಚನೆ ಕಲಿಯೋಕೆ ಒಳ್ಳೇದು. ಉಣ್ಣದೇ ಇದ್ದದ್ದಕ್ಕೂ ಒಂದು ಉಪಯೋಗ! ಕೆಳಗೆ ‘ಮುದುಕ, ಇದ್ದಿಲು’ ಅಂತ ಬರೆದರೆ ಮುಗೀತು, ಅವನ ಹೆಸರು ಕೂಲಿ ಕೊಡುವ ವೋಚರಿನಲ್ಲಿ ಮಾತ್ರ. ಬಿಡುವಿನಲ್ಲಿ ಆತ ಒಂದೊಂದೇ ಹಲಗೆ ನೋಡಿಕೊಂಡು ಬಂದು, ಒಂದರ ಮುಂದೆ ನಿಂತು, ‘ಇಷ್ಟೊಂದು ಮುದುಕ ಆಗಿದೀನಾ ಸಾಮಿ?’ ಅಂದ. ಹುಡುಗರು ನಕ್ಕರು. ನಮಗೆ ನಗು ಬರಲಿಲ್ಲ, ಯಾಕೆಂದರೆ ಸಾಮಿ ಅಂದದ್ದು ನಮ್ಮನ್ನೂ ಸೇರಿಸಿ. ಎಲ್ಲರೂ ಚಿತ್ರದ ಬಗ್ಗೆ ಮಾತಾಡುತ್ತಿದ್ದ ಆ ಕೋಣೆಯಲ್ಲಿ ಮಾತಿಗೆ ಬೆಲೆ ಇಲ್ಲದವನು ಅವನೊಬ್ಬನೇ.

ಇನ್ನು ಸಾಮಾನಿನ ವಿಚಾರ. ಎಣ್ಣೆಬಣ್ಣದ ಹಳೇ ಪದ್ಧತಿಯಲ್ಲಿ ಬಟ್ಟೆಗೆ ಮೊದಲು ಸರೇಸು ಬಳಿಯಬೇಕು. ಸರೇಸು ಅಂದರೆ ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟು. ಅದಿಲ್ಲದೆ ಬಣ್ಣ ಹಚ್ಚಿದರೆ ಎಣ್ಣೆ ನೂಲಿಗೆ ಇಳಿದು ಬಟ್ಟೇನೇ ಕೊಳೆಯುತ್ತೆ. ಟ್ಯೂಬಿನ ಮೇಲೆ ‘ಐವರಿ ಬ್ಲ್ಯಾಕ್’ ಅಂತ ಆನೆದಂತದ ಹೆಸರಿದೆ, ಒಳಗಿರೋದು ಸುಟ್ಟ ಮೂಳೆಯ ಕಪ್ಪು. ಗಟ್ಟಿ ಕುಂಚ ಹಂದಿಕೂದಲಿನದು. ಈಗ ಅಕ್ರಿಲಿಕ್ ಬಂದು ಇದೆಲ್ಲ ಕಡಿಮೆಯಾಗಿದೆ, ನಿಜ. ಆದರೂ ಸೌಂದರ್ಯದ ಪಾಠ ಹೇಳುವಾಗ ಈ ಪಾಠವನ್ನು ಯಾರೂ ಹೇಳುವುದಿಲ್ಲ. ನಮ್ಮ ಊರುಗಳಲ್ಲಿ ಯಾವ ಕಸುಬಿಗೆ ಮೈಲಿಗೆ ಅಂತ ಹೆಸರಿಟ್ಟರೋ ಆ ಕಸುಬಿನ ಸಾಮಾನಿನ ಮೇಲೆ ಚಿತ್ರ ನಿಂತಿದೆ. ಚರ್ಮ ಅಂಟಾದ ಮೇಲೆ ಅದರ ಮೈಲಿಗೆ ಹೋಗುತ್ತೆ, ಸುಲಿದವನದು ಹೋಗಲಿಲ್ಲ. ಅವ್ವನ ಚಿತ್ರಕ್ಕೂ ಇದೇ ಗತಿ. ಕೊಂಡವರ ನಡುಮನೆಗೆ ಚಿತ್ರ ಮುಂಬಾಗಿಲಿಂದ ಹೋಗುತ್ತೆ. ಅದೇ ಮನೆಗೆ ಪಾತ್ರೆ ತೊಳೆಯೋಕೆ ಹೋದ ಅವ್ವನಿಗೆ ಹಿತ್ತಲ ಬಾಗಿಲೇ.

ಹಾಗಾದರೆ ಬರೆಯಲೇಬಾರದೆ? ಬರೆದವರಿದ್ದಾರೆ. 1943ರ ಬಂಗಾಳದ ಕ್ಷಾಮದಲ್ಲಿ ಚಿತ್ತಪ್ರಸಾದ್ ಮಿಡ್ನಾಪುರದ ಹಳ್ಳಿಗಳಲ್ಲಿ ಅಲೆದು ಹಸಿದವರನ್ನು, ಸಾಯುತ್ತಿದ್ದವರನ್ನು ಕಪ್ಪು ಶಾಯಿಯಲ್ಲಿ ಬರೆದ. ‘ಹಂಗ್ರಿ ಬೆಂಗಾಲ್’ ಅನ್ನುವ ಪುಸ್ತಿಕೆಯಾಗಿ ಅದು ಅಚ್ಚಾದಾಗ ಬ್ರಿಟಿಷ್ ಸರ್ಕಾರ ಪ್ರತಿಗಳನ್ನು ಜಪ್ತಿಮಾಡಿ ನಾಶಮಾಡಿತು. ಅವನ ಆ ಕಾಲದ ಹಲವು ಚಿತ್ರಗಳ ಜೊತೆ, ಬರೆಸಿಕೊಂಡವರು ಯಾರು, ಯಾವ ಊರಿನವರು ಅಂತ ಬರೆದಿದ್ದಾನೆ. ತನ್ನ ಹೆಸರಿನ ಹಿಂದಿದ್ದ ಭಟ್ಟಾಚಾರ್ಯ ಅನ್ನುವುದನ್ನು ಕಿತ್ತುಹಾಕಿದವನು ಹಸಿದವರ ಹೆಸರನ್ನು ಉಳಿಸಿದ. ಅದು ಸಣ್ಣ ಕೆಲಸ ಅಲ್ಲ. ಬೇಲೂರಿನ ಶಿಲ್ಪಿ ದಾಸೋಜ ತನ್ನ ಹೆಸರನ್ನು ಕಲ್ಲಿನಲ್ಲೇ ಕೆತ್ತಿಕೊಂಡಿದ್ದಾನೆ, ಸಂತೋಷ. ಆ ಕಲ್ಲನ್ನು ಹೊತ್ತುತಂದವರ ಹೆಸರು ಎಲ್ಲಿದೆ?

ರಾಮಕಿಂಕರ್ ಬೈಜ್ ಬಾಂಕುರಾದ ಕ್ಷೌರಿಕರ ಮನೆಯಿಂದ ಶಾಂತಿನಿಕೇತನಕ್ಕೆ ಬಂದವನು. 1938ರಲ್ಲಿ ‘ಸಂತಾಲ ಕುಟುಂಬ’ ಮಾಡಿದಾಗ ಕಂಚೂ ಇರಲಿಲ್ಲ, ಅಮೃತಶಿಲೆಯೂ ಇರಲಿಲ್ಲ. ಸಿಮೆಂಟು, ಅಲ್ಲಿನ ಕೆಂಪುಕಲ್ಲಿನ ಚೂರು. ಗಂಡ, ಹೆಂಡತಿ, ಮಕ್ಕಳು, ಜೊತೆಗೊಂದು ನಾಯಿ, ಗಂಟುಮೂಟೆ ಸಮೇತ ನಡೆದು ಹೋಗುತ್ತಿದ್ದಾರೆ. ಯಾರೂ ಅಳುತ್ತಿಲ್ಲ. ಬಯಲಿನಲ್ಲಿ ನಿಲ್ಲಿಸಿದ, ಯಾರ ರೂಪವೋ ಅವರ ಕಣ್ಣಿಗೂ ಬೀಳುವ ಹಾಗೆ. ನಾಗಪುರದ ಸವಿ ಸಾವರ್ಕರ್ ಪೇಶ್ವೆಗಳ ಕಾಲದ ಅಸ್ಪೃಶ್ಯನನ್ನು ಕೊರಳ ಮಡಕೆ, ಸೊಂಟದ ಪೊರಕೆ ಸಮೇತ ಬರೆದರು. ಅದು ಸೋಫಾದ ಮೇಲ್ಗಡೆಗೆ ಸಲೀಸಾಗಿ ಒಗ್ಗುವ ಚಿತ್ರ ಅಲ್ಲ.

ನಮ್ಮಲ್ಲೊಬ್ಬ ಗೆಳೆಯ ಕೊನೇ ವರ್ಷದ ಹನ್ನೆರಡು ಚಿತ್ರವನ್ನೂ ಅವ್ವನ ಮೇಲೆ ಬರೆದ. ಪ್ರದರ್ಶನಕ್ಕೆ ಎರಡು ದಿನ ಮುಂಚೆ ಅವಳನ್ನೇ ಬಸ್ಸು ಹತ್ತಿಸಿ ಕರಕೊಂಡು ಬಂದು ಒಂದೊಂದಾಗಿ ತೋರಿಸಿದ. ಆಕೆ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನೋಡಿದಳು. ‘ಎಲ್ಲಾದ್ರಲ್ಲೂ ಹರಿದ ಸೀರೇನೇ ಯಾಕ್ಲಾ ಉಡ್ಸಿದ್ದೀಯ? ನಿಮ್ಮಕ್ಕನ ಮದ್ವೇಲಿ ಉಟ್ಟಿದ್ದು ಟ್ರಂಕಲ್ಲಿ ಇಲ್ವಾ?’ ಅಂದಳು. ಮಗ ಏನೋ ಹೇಳಿದ. ‘ಸರಿ ಬುಡು, ಅದು ದಿಟವೇ, ಇರ್ಲಿ’ ಅಂದಳು. ಆದರೆ ಒಂದು ಚಿತ್ರದ ಮುಂದೆ ನಿಂತುಬಿಟ್ಟಳು. ಕೂಲಿಯಿಂದ ಬಂದು ಜಗಲಿ ಮೇಲೆ ಬಾಯಿ ತೆರೆದು ನಿದ್ದೆ ಹೋದ ಚಿತ್ರ ಅದು. ‘ಇದೊಂದ್ ಬ್ಯಾಡ ಕಣ್ ಮಗ. ಮಲಗಿರೋರ್ನ ಯಾರೂ ನೋಡ್ಬಾರ್ದು.’

ಹನ್ನೆರಡರಲ್ಲಿ ಒಳ್ಳೇ ಚಿತ್ರ ಅದೇ. ನಾವು ನೋಡಿದ್ದೇವೆ. ಅವನು ಅದನ್ನು ಇಳಿಸಿದ. ಪರೀಕ್ಷಕರು ಗೋಡೆ ಮೇಲಿನ ಖಾಲಿ ಮೊಳೆ ನೋಡಿ, ಸಂಖ್ಯೆ ಕಮ್ಮಿ ಇದೆಯಲ್ಲ ಅಂದರು. ಅಂಕವೂ ಕಮ್ಮಿ ಬಂತು.

ಇದನ್ನು ಕೇಳಿದ ಕೆಲವರು ಅವನಿಗೆ ಬುದ್ಧಿ ಇಲ್ಲ ಅಂದರು. ಅವ್ವನಿಗೆ ಕಲೆ ಏನು ಗೊತ್ತು ಅಂದರು. ನೂರು ವರ್ಷದ ಮೇಲೆ ಅವ್ವ ಇರೋದಿಲ್ಲ, ಚಿತ್ರ ಇರುತ್ತೆ ಅಂದರು. ದೇವಸ್ಥಾನ ಕಟ್ಟಿಸಿದ ರಾಜರೂ ಬಿಟ್ಟಿ ಹಿಡಿದವರ ಬಗ್ಗೆ ಹೀಗೇ ಯೋಚಿಸಿರಬೇಕು. ನಮಗೆ ಕಾಣೋದು ಇಷ್ಟು: ಅವ್ವ ಬಡತನವನ್ನು ಮುಚ್ಚಿಡು ಅನ್ನಲಿಲ್ಲ. ಹರಿದ ಸೀರೆಗೆ ಒಪ್ಪಿದಳು. ತನಗೆ ಎಚ್ಚರ ಇಲ್ಲದಾಗ, ತಿರುಗಿ ನೋಡೋಕೆ ಆಗದೇ ಇದ್ದಾಗ ನೋಡಿದ ನೋಟವನ್ನು ಮಾತ್ರ ಬೇಡ ಅಂದಳು. ನಾಲ್ಕು ವರ್ಷ ಸೌಂದರ್ಯಶಾಸ್ತ್ರ ಓದಿದ ನಮಗೆ ಇಷ್ಟು ನಾಜೂಕಾದ ವಿಮರ್ಶೆ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ಬೇಡ ಅನ್ನೋದಕ್ಕೆ ಜಾಗ ಇದ್ದದ್ದರಿಂದಲೇ ಉಳಿದ ಹನ್ನೊಂದಕ್ಕೆ ಅವಳ ಒಪ್ಪಿಗೆ ನಿಜವಾದ ಒಪ್ಪಿಗೆ ಆಯಿತು. ಬರೆಯುವ ಹಕ್ಕು ಅಂತ ಒಂದಿದ್ದರೆ ಅದು ನಮಗೆ ಅಲ್ಲಿಂದ ಬರಬೇಕು, ಹುಟ್ಟಿನಿಂದಲ್ಲ, ಕೇರಿಯಿಂದಲ್ಲ.

ಇನ್ನೊಬ್ಬ ಗೆಳತಿ ವರ್ಷವಿಡೀ ಹುಚ್ಚೆಳ್ಳು ಹೂವಿನ ಹಳದಿಯೊಂದನ್ನೇ ಬರೆದಳು. ‘ಇದರಲ್ಲಿ ನಿಮ್ಮ ಸಂಕಟ ಎಲ್ಲಿದೆ?’ ಅಂತ ಕೇಳಿದರು. ಯಾಕಿರಬೇಕು? ಹಳದಿ ಅವಳದೂ ಹೌದು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಗಂಟು ಬಿಚ್ಚದೇ ಉಳಿದಿದೆ. ನಮ್ಮವರ ಬೇಡ ಎಲ್ಲವೂ ಅವರದ್ದೇ ಅಲ್ಲ. ಗೌಡನಿಗೆ ಗೊತ್ತಾದರೆ ಅನ್ನುವ ಭಯ ಎಷ್ಟೋ ಸಲ ಅವ್ವನ ಬಾಯಲ್ಲಿ ಮಾತಾಡುತ್ತದೆ. ಆ ಭಯಕ್ಕೂ ತಲೆಬಾಗಿದರೆ ಗೌಡನ ಕೆಲಸವನ್ನು ನಾವೇ ಮಾಡಿಕೊಟ್ಟಂತೆ. ಸತ್ತವರ ಮಾತಂತೂ ಇನ್ನೂ ಕಷ್ಟ. ಮಲ ಹೊರಿಸುವುದನ್ನು ನಿಷೇಧಿಸಿ 1993ರಲ್ಲಿ ಒಂದು ಕಾನೂನು ಬಂತು, 2013ರಲ್ಲಿ ಇನ್ನೊಂದು ಬಂತು. ಅದಾದ ಮೇಲೂ ಗುಂಡಿಗೆ ಇಳಿದವರ ಹೆಣ ಮೇಲೆ ಬರುತ್ತಲೇ ಇವೆ. ಆ ಮುಖವನ್ನು ಬರೆಯೋಕೆ ಯಾರ ಒಪ್ಪಿಗೆ ಕೇಳೋಣ? ಬರೆಯದಿದ್ದರೆ ಅದು ಯಾರಿಗೆ ಅನುಕೂಲ? ಮನೆಯಲ್ಲಿ ಉಳಿದವರನ್ನು ಕೇಳಬೇಕು ಅನ್ನೋದು ನಮ್ಮ ಈಗಿನ ಅಭಿಪ್ರಾಯ. ಭಯದಿಂದ ಬೇಡ ಅಂದರೆ ಜಗಳ ಆಡಬೇಕು, ಅವ್ವನ ಜೊತೆಗಲ್ಲ, ಭಯ ಹುಟ್ಟಿಸಿದವನ ಜೊತೆಗೆ. ಅಲ್ಲಿವರೆಗೆ ಚಿತ್ರವನ್ನು ಗೋಡೆ ಕಡೆಗೆ ಮುಖಮಾಡಿ ಇಡಬಹುದು. ದಪ್ಪ ಹಚ್ಚಿದ ಎಣ್ಣೆಬಣ್ಣ ಪೂರಾ ಒಣಗೋಕೆ ಹೇಗೂ ತಿಂಗಳುಗಟ್ಟಲೆ ಹಿಡಿಯುತ್ತೆ.