ಅಭಿಮಾನವೂ ನ್ಯಾಯವೂ

ನ್ಯಾಯ ಬೇಕೆಂದು ಕೂಗುವವರೆಲ್ಲರೂ ನ್ಯಾಯಪ್ರಿಯರೆಂದು ಹೇಳಲಾಗದು. ತನಗೆ ಅನ್ಯಾಯವಾದಾಗ ಸಿಡಿಮಿಡಿಗೊಳ್ಳುವುದು ಪ್ರಾಣಿಮಾತ್ರಕ್ಕೂ ಸಹಜವಾದುದು. ಬಾಯಿಯ ತುತ್ತನ್ನು ಕಸಿದರೆ ನಾಯಿಯೂ ಗುರುಗುಟ್ಟುತ್ತದೆ. ಆದರೆ ಆ ಗುರುಗುಟ್ಟುವಿಕೆಯನ್ನು ಯಾರೂ ನ್ಯಾಯಪ್ರೇಮವೆಂದು ಕರೆಯುವುದಿಲ್ಲ. ಹಾಗಾದರೆ ಮನುಷ್ಯನಲ್ಲಿ ನ್ಯಾಯಪ್ರೇಮವಿದೆಯೋ ಇಲ್ಲವೋ ಎಂಬುದನ್ನು ತಿಳಿಯುವ ಒರೆಗಲ್ಲು ಯಾವುದು? ವಾಚಕ ಮಹಾಶಯರೇ, ಈ ಪ್ರಶ್ನೆಯ ಉತ್ತರವನ್ನು ಅರಸಿ ಈ ಸಲ ನಾವು ಶಾಸ್ತ್ರಗ್ರಂಥಗಳ ಬಳಿಗೆ ಹೋಗದೆ ಆಟದ ಬಯಲಿಗೆ ಹೋಗೋಣ. ಆಟವೆಂದು ಇದನ್ನು ಲಘುವಾಗಿ ಎಣಿಸಬಾರದು. ಮನುಷ್ಯನು ತನ್ನ ಅಂತರಂಗವನ್ನು ಮುಚ್ಚುಮರೆಯಿಲ್ಲದೆ ತೆರೆದಿಡುವ ಕೆಲವೇ ಸ್ಥಳಗಳಲ್ಲಿ ಆಟದ ಬಯಲೂ ಒಂದು.

ಕಾಲ್ಚೆಂಡಾಟವನ್ನೇ ತೆಗೆದುಕೊಳ್ಳಿರಿ. ಹನ್ನೊಂದು ಜನರ ಎರಡು ತಂಡಗಳು, ಒಂದು ಚೆಂಡು, ನಡುವೆ ಸೀಟಿ ಹಿಡಿದು ಓಡುವ ಒಬ್ಬ ರೆಫರಿ. ಸುತ್ತಲೂ ಸಾವಿರಾರು ಪ್ರೇಕ್ಷಕರು. ಆ ಪ್ರೇಕ್ಷಕರಲ್ಲಿ ಬಹುಮಂದಿ ಯಾವುದೋ ಒಂದು ತಂಡದ ಅಭಿಮಾನಿಗಳು. ಆಡುವವರು ಅವರ ಬಂಧುಗಳಲ್ಲ, ಗೆದ್ದರೆ ಇವರಿಗೆ ಒಂದು ಕಾಸೂ ಬರುವುದಿಲ್ಲ. ಆದರೂ ತಂಡ ಗೆದ್ದರೆ 'ನಾವು ಗೆದ್ದೆವು' ಎಂದು ಬೀಗುತ್ತಾರೆ. ಸೋತರೆ ರಾತ್ರಿ ಊಟ ಸೇರುವುದಿಲ್ಲ. ನಮ್ಮ ಭಾಷೆ ಇಂಥವನನ್ನು 'ಅಭಿಮಾನಿ' ಎಂದು ಕರೆದಿರುವುದು ಬಹು ಅರ್ಥಪೂರ್ಣವಾಗಿದೆ. ಅಭಿಮಾನವೆಂದರೆ ಪ್ರೀತಿಯೂ ಹೌದು; 'ನಾನು', 'ನನ್ನದು' ಎಂಬ ಅಹಂಭಾವವೂ ಹೌದು. ಒಂದೇ ಪದದಲ್ಲಿ ಅಮೃತವೂ ವಿಷವೂ ಸೇರಿಕೊಂಡಿವೆ. ಇವೆರಡರಲ್ಲಿ ಯಾವುದು ಮೇಲುಗೈ ಪಡೆದಿದೆಯೆಂಬುದು ರೆಫರಿಯ ಸೀಟಿ ಕೇಳಿಸಿದ ಕ್ಷಣದಲ್ಲಿ ಬಯಲಾಗುತ್ತದೆ.

ನಮ್ಮ ನಾಡಿನಲ್ಲಿಯೇ ನಡೆದ ಒಂದು ಪ್ರಸಂಗವನ್ನು ನೋಡೋಣ. 2023ರ ಮಾರ್ಚ್ 3ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್.ಸಿ. ಮತ್ತು ಕೇರಳ ಬ್ಲಾಸ್ಟರ್ಸ್ ತಂಡಗಳ ನಡುವೆ ಇಂಡಿಯನ್ ಸೂಪರ್ ಲೀಗಿನ ನಾಕೌಟ್ ಪಂದ್ಯ ನಡೆಯಿತು. ನಿಗದಿತ ಅವಧಿಯಲ್ಲಿ ಎರಡೂ ತಂಡಗಳಿಗೆ ಗೋಲು ದೊರೆಯಲಿಲ್ಲ. ಹೆಚ್ಚುವರಿ ಅವಧಿಯ ಆಟದಲ್ಲಿ, 96ನೆಯ ನಿಮಿಷದಲ್ಲಿ, ಬೆಂಗಳೂರಿಗೆ ಒಂದು ಫ್ರೀ ಕಿಕ್ ಲಭಿಸಿತು. ಕೇರಳದ ಆಟಗಾರರು ಅಡ್ಡಗೋಡೆಯಾಗಿ ನಿಲ್ಲಲು ಇನ್ನೂ ಸಿದ್ಧರಾಗುತ್ತಿದ್ದಂತೆಯೇ ಸುನಿಲ್ ಛೇತ್ರಿಯವರು ಚೆಂಡನ್ನು ಬಲೆಗೆ ಕಳುಹಿಸಿಬಿಟ್ಟರು. ರೆಫರಿ ಕ್ರಿಸ್ಟಲ್ ಜಾನ್ ಅದನ್ನು ಗೋಲೆಂದು ಮಾನ್ಯ ಮಾಡಿದರು. ಕೇರಳದ ಆಟಗಾರರು ಪ್ರತಿಭಟಿಸಿದರು. ತರಬೇತುದಾರ ಇವಾನ್ ವುಕೊಮಾನೊವಿಚ್ ತಮ್ಮ ತಂಡವನ್ನೇ ಮೈದಾನದಿಂದ ಹೊರಗೆ ಕರೆದೊಯ್ದರು. ಪಂದ್ಯ ಮತ್ತೆ ಮುಂದುವರಿಯಲಿಲ್ಲ. ಜಯ ಬೆಂಗಳೂರಿನ ಪಾಲಾಯಿತು. ಮುಂದೆ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಶಿಸ್ತು ಸಮಿತಿಯು ಕೇರಳ ತಂಡಕ್ಕೆ 4 ಕೋಟಿ ರೂಪಾಯಿ ದಂಡ ವಿಧಿಸಿ, ತರಬೇತುದಾರರನ್ನು 10 ಪಂದ್ಯಗಳಿಂದ ದೂರವಿರಿಸಿತು.

ಆಟದ ನಿಯಮವೇನು? ಫ್ರೀ ಕಿಕ್ ಪಡೆದ ತಂಡವು ಎದುರಾಳಿ ಸಿದ್ಧನಾಗುವವರೆಗೆ ಕಾಯಬೇಕಾಗಿಲ್ಲ, ಕೂಡಲೇ ಒದೆಯಬಹುದು. ಆದರೆ ಅಡ್ಡಗೋಡೆಯನ್ನು ದೂರ ಸರಿಸಲು ರೆಫರಿಯೇ ಆಟವನ್ನು ತಡೆದಿದ್ದರೆ, ಮತ್ತೆ ಸೀಟಿಯಾಗುವವರೆಗೆ ಕಾಯಲೇಬೇಕು. ಅಂದು ನಡೆದುದು ಇವೆರಡರಲ್ಲಿ ಯಾವುದೆಂಬುದೇ ವಿವಾದ. ಬೆಂಗಳೂರಿನ ಅಭಿಮಾನಿಗೆ ಅದು ಚಾಣಾಕ್ಷತನ, ಕೇರಳದ ಅಭಿಮಾನಿಗೆ ಅದು ವಂಚನೆ. ಆ ವಿವಾದವನ್ನು ಇಲ್ಲಿ ಮತ್ತೆ ಕೆದಕುವುದು ನಮ್ಮ ಉದ್ದೇಶವಲ್ಲ. ವಾಚಕರಲ್ಲಿ ಕೇಳುವುದು ಇಷ್ಟೇ: ಅದೇ ನಿಮಿಷ, ಅದೇ ರೆಫರಿ, ಅದೇ ಒದೆತ. ಒದ್ದವನು ಕೇರಳದ ಆಟಗಾರನಾಗಿದ್ದು, ಚೆಂಡು ಬಿದ್ದುದು ಬೆಂಗಳೂರಿನ ಬಲೆಯಲ್ಲಾಗಿದ್ದರೆ ನಾವು ಏನೆನ್ನುತ್ತಿದ್ದೆವು? ಈ ಪ್ರಶ್ನೆಗೆ ಎದೆಮುಟ್ಟಿ ಉತ್ತರಿಸಬಲ್ಲವನು ನ್ಯಾಯದ ಹೊಸ್ತಿಲಿಗೆ ಬಂದಿದ್ದಾನೆಂದು ತಿಳಿಯಬಹುದು.

ಒಂದೇ ನಾಡಿನ ಜನ ತಕ್ಕಡಿಯ ಎರಡೂ ತಟ್ಟೆಗಳಲ್ಲಿ ಕುಳಿತ ಉದಾಹರಣೆಯೂ ಜಗತ್ತಿನ ಕ್ರೀಡಾ ಇತಿಹಾಸದಲ್ಲಿದೆ. 1966ರ ಜುಲೈ 30ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ. ಇಂಗ್ಲೆಂಡ್ ಮತ್ತು ಪಶ್ಚಿಮ ಜರ್ಮನಿ 2-2 ಗೋಲುಗಳಿಂದ ಸಮವಾಗಿದ್ದಾಗ ಜೆಫ್ ಹರ್ಸ್ಟ್ ಒದ್ದ ಚೆಂಡು ಗೋಲುಕಂಬದ ಮೇಲಿನ ಅಡ್ಡಪಟ್ಟಿಗೆ ಬಡಿದು ಗೆರೆಯ ಬಳಿ ನೆಲಕ್ಕೆ ಬಿತ್ತು. ರೆಫರಿ ಗಾಟ್‌ಫ್ರೀಡ್ ಡೀನ್ಸ್ಟ್ ತಮ್ಮ ಸಹಾಯಕ ತೋಫಿಕ್ ಬಹ್ರಾಮೊವ್ ಅವರನ್ನು ಕೇಳಿ ಗೋಲು ಕೊಟ್ಟರು. ಇಂಗ್ಲೆಂಡ್ 4-2ರಿಂದ ವಿಶ್ವವಿಜೇತವಾಯಿತು. ಚೆಂಡು ಪೂರ್ತಿಯಾಗಿ ಗೆರೆ ದಾಟಿರಲಿಲ್ಲವೆಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 1990ರ ದಶಕದಲ್ಲಿ ಹಳೆಯ ಚಲನಚಿತ್ರದ ತುಣುಕುಗಳನ್ನು ಅಳೆದು ಅಭಿಪ್ರಾಯಪಟ್ಟರು. ನಲವತ್ತನಾಲ್ಕು ವರ್ಷಗಳು ಕಳೆದವು. 2010ರ ಜೂನ್ 27ರಂದು ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೇನ್ ನಗರದಲ್ಲಿ ಅದೇ ಇಂಗ್ಲೆಂಡಿಗೂ ಜರ್ಮನಿಗೂ ವಿಶ್ವಕಪ್ ಪಂದ್ಯ. ಇಂಗ್ಲೆಂಡ್ 1-2ರಿಂದ ಹಿಂದಿದ್ದಾಗ ಫ್ರಾಂಕ್ ಲ್ಯಾಂಪಾರ್ಡ್ ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿದು, ಎಲ್ಲರಿಗೂ ಕಾಣುವಷ್ಟು ಗೆರೆಯ ಒಳಗೆ ಬಿದ್ದು ಹೊರಕ್ಕೆ ಚಿಮ್ಮಿತು. ರೆಫರಿಗಾಗಲೀ ಸಹಾಯಕರಿಗಾಗಲೀ ಅದು ಕಾಣಲಿಲ್ಲ, ಗೋಲು ಸಿಗಲಿಲ್ಲ. ಜರ್ಮನಿ 4-1ರಿಂದ ಗೆದ್ದಿತು.

ಮೊದಲನೆಯ ತೀರ್ಪನ್ನು ಅರ್ಧ ಶತಮಾನ ಕಾಲ ಹೆಮ್ಮೆಯಿಂದ ಸ್ಮರಿಸಿ ಎರಡನೆಯದನ್ನು ಮಾತ್ರ ಹಗಲುದರೋಡೆಯೆಂದು ಜರೆಯುವ ಇಂಗ್ಲಿಷ್ ಅಭಿಮಾನಿಯಿದ್ದರೆ ಅವನಿಗೆ ನಾವೇನು ಹೇಳಬೇಕು? ಮೊದಲನೆಯದನ್ನು ಎಂದೆಂದೂ ಕ್ಷಮಿಸದೆ ಎರಡನೆಯದನ್ನು 'ಆಟದಲ್ಲಿ ಇದೆಲ್ಲ ಇದ್ದದ್ದೇ' ಎಂದು ನಕ್ಕುಬಿಡುವ ಜರ್ಮನ್ ಅಭಿಮಾನಿಗೂ ಅದೇ ಮಾತು. ಇವರಿಬ್ಬರೂ ದುಷ್ಟರಲ್ಲ. ನಮಗಾದ ಅನ್ಯಾಯವನ್ನು ಕಲ್ಲಿನಲ್ಲಿ ಕೆತ್ತಿ, ನಮಗೊದಗಿದ ಅನರ್ಹ ಲಾಭವನ್ನು ನೀರಿನ ಮೇಲೆ ಬರೆಯುವುದು ಮನುಷ್ಯಮಾತ್ರನ ದೌರ್ಬಲ್ಯ.

ಈ ದೌರ್ಬಲ್ಯ ಕೇವಲ ನಾಲಗೆಯದಲ್ಲ, ಕಣ್ಣಿನದೂ ಹೌದೆಂಬುದು ವಿಚಾರಾರ್ಹ ಸಂಗತಿ. ಅಮೆರಿಕದಲ್ಲಿ 1951ರಲ್ಲಿ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ವಿದ್ಯಾಸಂಸ್ಥೆಗಳ ನಡುವೆ ಆ ದೇಶದ ರೀತಿಯ ಫುಟ್‌ಬಾಲ್ ಪಂದ್ಯವೊಂದು ಬಹು ಒರಟಾಗಿ ನಡೆಯಿತು. ಆಲ್ಬರ್ಟ್ ಹ್ಯಾಸ್ಟಾರ್ಫ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಮನೋವಿಜ್ಞಾನಿಗಳು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಅದೇ ಪಂದ್ಯದ ಚಲನಚಿತ್ರವನ್ನು ತೋರಿಸಿ, ಕಂಡ ತಪ್ಪುಗಳನ್ನು ಗುರುತು ಹಾಕಿಕೊಳ್ಳಲು ಹೇಳಿದರು. 1954ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಡಾರ್ಟ್‌ಮತ್ ತಂಡದವರು ಮಾಡಿದ ತಪ್ಪುಗಳಲ್ಲಿ ಪ್ರಿನ್ಸ್‌ಟನ್ ವಿದ್ಯಾರ್ಥಿಗಳು ಎಣಿಸಿದುದರ ಅರ್ಧದಷ್ಟನ್ನು ಮಾತ್ರ ಡಾರ್ಟ್‌ಮತ್ ವಿದ್ಯಾರ್ಥಿಗಳು ಎಣಿಸಿದರು. ಅವರು ಬೇಕೆಂದು ಸುಳ್ಳು ಬರೆದರೆನ್ನಲಾಗದು. ಅವರಿಗೆ ಕಂಡದ್ದೇ ಅಷ್ಟು. ಮಮಕಾರವು ಮೊದಲು ಕಣ್ಣಿಗೆ ಪೊರೆ ಕಟ್ಟಿ, ಆಮೇಲೆ ಬಾಯಿಗೆ ಮಾತು ಕೊಡುತ್ತದೆ. ಆದ್ದರಿಂದ 'ನಾನು ಕಣ್ಣಾರೆ ಕಂಡೆ' ಎಂಬ ಮಾತಿಗೂ, ಕಂಡವನು ಯಾವ ಪಕ್ಷದವನೆಂದು ನೋಡಿ ಬೆಲೆ ಕಟ್ಟಬೇಕಾಗಿದೆ.

'ನಾವು ಬರೀ ನೋಡುವವರು. ನಮ್ಮ ಕೂಗಿನಿಂದ ಆಗುವುದೇನು?' ಎಂದು ಕೆಲವರು ಕೇಳಬಹುದು. ಆಗುವುದು ಬಹಳವಿದೆ. ಇಂಗ್ಲೆಂಡಿನಲ್ಲಿ 40 ಮಂದಿ ಅರ್ಹ ರೆಫರಿಗಳಿಗೆ ಒಂದೇ ಪಂದ್ಯದ ದೃಶ್ಯಗಳನ್ನು ತೋರಿಸಿ, ಕೆಲವರಿಗೆ ಪ್ರೇಕ್ಷಕರ ಗದ್ದಲವನ್ನು ಕೇಳಿಸಿ, ಉಳಿದವರಿಗೆ ಕೇಳಿಸದೆ ನಡೆಸಿದ ಪರೀಕ್ಷೆಯ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಗದ್ದಲವನ್ನು ಕೇಳಿದವರು ಆತಿಥೇಯ ತಂಡದ ವಿರುದ್ಧ ಕೊಟ್ಟ ತೀರ್ಪುಗಳು ಶೇಕಡಾ 15ರಷ್ಟು ಕಡಿಮೆಯಾಗಿದ್ದವು. ನಮ್ಮ ಕೂಗು ತೀರ್ಪುಗಾರನ ಕಿವಿಯ ಮೂಲಕ ಅವನ ವಿವೇಕವನ್ನೂ ಮುಟ್ಟುತ್ತದೆಂದಾಯಿತು. ಅನಂತರ ಅವನು ತಪ್ಪಿದನೆಂದು ಬೈಯುವವರೂ ನಾವೇ!

ಕೂಗು ಕ್ರೋಧಕ್ಕೆ ತಿರುಗಿದಾಗ ಏನಾಗುತ್ತದೆಂಬುದನ್ನೂ ಜಗತ್ತು ಕಂಡಿದೆ. 1964ರ ಮೇ 24ರಂದು ಪೆರು ದೇಶದ ಲಿಮಾ ನಗರದಲ್ಲಿ ಅರ್ಜೆಂಟೀನದ ವಿರುದ್ಧದ ಪಂದ್ಯದ ಕೊನೆಯ ನಿಮಿಷಗಳಲ್ಲಿ ಪೆರುವಿನ ಗೋಲೊಂದನ್ನು ರೆಫರಿ ಅಮಾನ್ಯಗೊಳಿಸಿದರು. ಪ್ರೇಕ್ಷಕರು ಮೈದಾನಕ್ಕೆ ನುಗ್ಗಿದರು, ಪೊಲೀಸರು ಅಶ್ರುವಾಯು ಸಿಡಿಸಿದರು, ಹೊರಗೆ ಹೋಗುವ ಬಾಗಿಲುಗಳು ಮುಚ್ಚಿದ್ದವು. ಮುನ್ನೂರಕ್ಕೂ ಹೆಚ್ಚು ಜನ ಕಾಲ್ತುಳಿತಕ್ಕೆ ಸಿಕ್ಕಿ, ಉಸಿರುಕಟ್ಟಿ ಮಡಿದರು. ನಮ್ಮ ದೇಶದಲ್ಲಿಯೇ 1980ರ ಆಗಸ್ಟ್ 16ರಂದು ಕಲಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಪಂದ್ಯ ನಡೆಯುತ್ತಿದ್ದಾಗ ಪ್ರೇಕ್ಷಕರಲ್ಲಿಯೇ ಹೊಡೆದಾಟವಾಗಿ 16 ಜೀವಗಳು ಹೋದವು. ಬೆಳಿಗ್ಗೆ ಮನೆಯಲ್ಲಿ ಹೇಳಿ ಆಟ ನೋಡಲು ಹೊರಟವರು ಸಂಜೆ ಮರಳಲಿಲ್ಲ. ವ್ಯವಸ್ಥೆಯ ಲೋಪ ಎರಡೂ ಕಡೆ ಇದ್ದಿರಬಹುದು. ಕಿಡಿ ಹೊತ್ತಿದ್ದು ಮಾತ್ರ 'ನಮ್ಮವರು', 'ಅವರು' ಎಂಬ ಭಾವದಿಂದ.

ಇಲ್ಲಿ ಒಂದು ಆಕ್ಷೇಪಣೆಗೆ ಸಮಾಧಾನ ಹೇಳಬೇಕು. 'ಅಭಿಮಾನಿಯೇನು ನ್ಯಾಯಾಧೀಶನೇ? ಪಕ್ಷ ವಹಿಸುವುದೇ ಅವನ ಧರ್ಮ. ಎಲ್ಲರೂ ಸಮದೃಷ್ಟಿಯಿಂದ ಕುಳಿತರೆ ಆಟದಲ್ಲಿ ಸ್ವಾರಸ್ಯವೇನು ಉಳಿಯಿತು?' ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಯಾವುದನ್ನೂ ಪ್ರೀತಿಸದ ನಿರ್ಲಿಪ್ತತೆಯನ್ನು ಸಮದೃಷ್ಟಿಯೆಂದು ಕರೆಯಲಾಗದು. ತಂಡವನ್ನು ಪ್ರೀತಿಸಿರಿ, ಗೆಲುವನ್ನು ಹಾರೈಸಿರಿ, ಗಂಟಲು ಬಿರಿಯುವಂತೆ ಜಯಘೋಷ ಮಾಡಿರಿ, ಅದರಲ್ಲಿ ದೋಷವಿಲ್ಲ. ಆದರೆ ಪಕ್ಷಪ್ರೀತಿ ಬೇರೆ, ಪಕ್ಷಪಾತ ಬೇರೆ. ತಾಯಿಯನ್ನು ನೋಡಿರಿ. ತನ್ನ ಮಗುವಿನ ಮೇಲೆ ಅವಳಿಗಿರುವ ಮಮತೆ ನೆರೆಮನೆಯ ಮಗುವಿನ ಮೇಲಿರುವುದಿಲ್ಲ. ಆದರೂ ತನ್ನ ಮಗು ನೆರೆಯ ಮಗುವಿನ ಬಳಪವನ್ನು ಕಿತ್ತು ತಂದರೆ, ಸುಸಂಸ್ಕೃತಳಾದ ತಾಯಿ ಅದನ್ನು ಹಿಂದಿರುಗಿಸಿ ಬರುವಂತೆ ಮಾಡುತ್ತಾಳೆ. ಅದರಿಂದ ಅವಳ ಪ್ರೀತಿ ಕುಂದಿತೇ? ಪ್ರೀತಿಯಿದ್ದುದರಿಂದಲೇ ತನ್ನ ಮಗು ಕಳ್ಳನಾಗಬಾರದೆಂದು ಅವಳು ಹಂಬಲಿಸಿದಳು. ಹೃದಯವು ಪಕ್ಷ ವಹಿಸಬಹುದು, ಕಣ್ಣು ವಹಿಸಬಾರದು.

ಆಡುವವರಲ್ಲಿಯೇ ಇದಕ್ಕೆ ಎರಡು ಬಗೆಯ ನಿದರ್ಶನಗಳಿವೆ. 1986ರ ಜೂನ್ 22ರಂದು ಮೆಕ್ಸಿಕೊ ನಗರದಲ್ಲಿ ಇಂಗ್ಲೆಂಡಿನ ವಿರುದ್ಧ ಅರ್ಜೆಂಟೀನದ ಮರಡೋನಾ ಕೈಯಿಂದ ತಳ್ಳಿದ ಚೆಂಡನ್ನು ಟುನೀಷಿಯದ ರೆಫರಿ ಅಲಿ ಬೆನ್ನಾಸರ್ ಗೋಲೆಂದರು. ಆ ಗೋಲು 'ದೇವರ ಕೈ' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ತನ್ನ ಕೈ ಮಾಡಿದ್ದನ್ನು ದೇವರ ಲೆಕ್ಕಕ್ಕೆ ಬರೆಯುವ ಜಾಣತನ ಮನುಷ್ಯನಿಗೆ ಹೊಸದೇನಲ್ಲ! ಅದೇ ಪಂದ್ಯದಲ್ಲಿ ನಾಲ್ಕು ನಿಮಿಷಗಳ ಅನಂತರ ಅವರೇ ಹಲವರನ್ನು ದಾಟಿ ಹೊಡೆದ ಗೋಲು ಅಪ್ರತಿಮವಾದುದು; ಅಷ್ಟು ಸಾಮರ್ಥ್ಯವಿದ್ದವರಿಗೂ ಮೊದಲನೆಯದು ಬೇಕಾಯಿತು. ಇನ್ನೊಂದು, 2012ರ ಸೆಪ್ಟೆಂಬರಿನಲ್ಲಿ ಇಟಲಿಯ ನೇಪಲ್ಸ್ ನಗರದಲ್ಲಿ ನಡೆದುದು. ಲಾಟ್ಸಿಯೊ ತಂಡದ ಮಿರೊಸ್ಲಾವ್ ಕ್ಲೋಸೆ ಹೊಡೆದ ಗೋಲನ್ನು ರೆಫರಿ ಮಾನ್ಯ ಮಾಡಿದ್ದರು. ಚೆಂಡು ತನ್ನ ಕೈಗೆ ತಾಗಿತ್ತೆಂದು ಕ್ಲೋಸೆಯೇ ಹೇಳಿ ಅದನ್ನು ರದ್ದುಗೊಳಿಸಿಕೊಂಡರು. ಸತ್ಯ ಹೇಳಿದ್ದಕ್ಕೆ ಜಯ ಲಭಿಸಿತೆಂದು ಕಥೆ ಮುಗಿಸುವ ಹಾಗಿಲ್ಲ. ಅವರ ತಂಡ 3-0ಯಿಂದ ಸೋತಿತು. ಫಲ ಸಿಗದಿದ್ದರೂ ಸತ್ಯ ಸತ್ಯವೇ ಎಂಬುದಕ್ಕಾಗಿಯೇ ಆ ಪ್ರಸಂಗ ನೆನೆಯತಕ್ಕದ್ದು.

ಯಂತ್ರಗಳು ಬಂದು ಈ ಸಮಸ್ಯೆಯನ್ನು ಬಗೆಹರಿಸಿಲ್ಲವೇ ಎಂದರೆ, ಭಾಗಶಃ ಮಾತ್ರ. ಚೆಂಡು ಗೆರೆ ದಾಟಿತೇ ಎಂದು ಹೇಳುವ ಸಾಧನಕ್ಕೆ 2012ರಲ್ಲಿ ಒಪ್ಪಿಗೆ ದೊರೆಯಿತು. ವಿಡಿಯೊ ನೋಡಿ ರೆಫರಿಗೆ ನೆರವಾಗುವ ಕ್ರಮ 2018ರ ವಿಶ್ವಕಪ್ಪಿನಲ್ಲಿ ಬಳಕೆಗೆ ಬಂದಿತು. ಚೆಂಡು ಎಲ್ಲಿತ್ತೆಂಬುದನ್ನು ಯಂತ್ರ ತೋರಿಸೀತು. ತಾಗಿದ ಕೈ ಬೇಕೆಂದೇ ಚಾಚಿದ್ದೋ, ಬಿದ್ದವನು ನಿಜವಾಗಿ ಎಡವಿದನೋ ಎಂಬುದನ್ನು ಮನುಷ್ಯನೇ ನಿರ್ಣಯಿಸಬೇಕು. ಯಂತ್ರ ಬಂದ ಮೇಲೆ ರೆಫರಿಯನ್ನು ಬೈಯುತ್ತಿದ್ದವರು ಯಂತ್ರದ ಮುಂದೆ ಕುಳಿತವನನ್ನೂ ಬೈಯತೊಡಗಿದ್ದಾರೆ. ಮನದ ಪೊರೆಯನ್ನು ತೆಗೆಯುವ ಯಂತ್ರ ಇನ್ನೂ ಹುಟ್ಟಿಲ್ಲ.

ವಾಚಕರೇ, ಇದು ಬರಿಯ ಆಟದ ಮಾತೆಂದು ಭಾವಿಸದಿರಿ. ಹೊಲದ ಸರ್ವೆಯಲ್ಲಿ ಅಳತೆ ತಪ್ಪಿ ನೆರೆಯವನ ಎರಡು ಗುಂಟೆ ತನ್ನ ಕಡೆಗೆ ಬಂದರೆ 'ಸರಕಾರದ ಅಳತೆ, ನಾವೇನು ಮಾಡೋಣ' ಎನ್ನುವವನೇ, ತನ್ನ ಎರಡು ಗುಂಟೆ ಆಚೆಗೆ ಹೋದರೆ ಕೋರ್ಟಿನ ಮೆಟ್ಟಿಲು ಹತ್ತುತ್ತಾನೆ. ಅಣ್ಣತಮ್ಮಂದಿರ ಹಿಸ್ಸೆಯಲ್ಲಿ, ಸೊಸೈಟಿಯ ಚುನಾವಣೆಯಲ್ಲಿ, ಕಚೇರಿಯ ಬಡ್ತಿಯಲ್ಲಿ, ಊರ ಪಂಚಾಯಿತಿಯಲ್ಲಿ ಇದೇ ನಡೆ. ತಪ್ಪು ತೀರ್ಪು ನಮಗೆ ಒಲಿದು ಬಂದಾಗ ನಾವು ಸುಮ್ಮನಿರುತ್ತೇವೆ. ಆ ಮೌನವೇ ನಮ್ಮ ನ್ಯಾಯಪ್ರೇಮದ ನಿಜವಾದ ಅಳತೆ. ನಮ್ಮವರ ನಡುವೆ ನಿಂತು 'ಇದು ನಮಗೆ ಸಲ್ಲತಕ್ಕದ್ದಲ್ಲ' ಎಂದು ಹೇಳುವುದು ಸುಲಭವಲ್ಲ. ಹೇಳಿದವನನ್ನು ಮನೆಮುರುಕನೆಂದಾರು, ವೈರಿಯ ಕಡೆಯವನೆಂದಾರು. ಎದುರಾಳಿಯ ಮುಂದೆ ತೋರುವ ಧೈರ್ಯಕ್ಕಿಂತ ತನ್ನವರ ಮುಂದೆ ತೋರುವ ಧೈರ್ಯ ಹೆಚ್ಚಿನದು.

ಅಂಥ ಧೈರ್ಯವನ್ನು ಆಸ್ತಿಪಾಸ್ತಿಯ ವ್ಯವಹಾರದಲ್ಲಿ ಒಮ್ಮೆಲೇ ತೋರುವುದು ಕಷ್ಟ. ಅದಕ್ಕೆ ಅಭ್ಯಾಸ ಬೇಕು. ಆ ಅಭ್ಯಾಸಕ್ಕೆ ಆಟದಷ್ಟು ಒಳ್ಳೆಯ ಗರಡಿ ಬೇರೊಂದಿಲ್ಲ, ಏಕೆಂದರೆ ಅಲ್ಲಿ ಸೋತರೂ ನಾವು ಕಳೆದುಕೊಳ್ಳುವುದು ಒಂದು ಸಂಜೆಯ ಸಂತೋಷ ಮಾತ್ರ. ಮುಂದೆಂದಾದರೂ ನಿಮ್ಮ ಮೆಚ್ಚಿನ ತಂಡ ಆಡುತ್ತಿರುವಾಗ, ರೆಫರಿಯ ತಪ್ಪಿನಿಂದ ನಿಮಗೆ ಗೋಲು ದೊರೆತು ಸುತ್ತಲಿನವರು ಕುಣಿದಾಡುತ್ತಿದ್ದರೆ, ಪಕ್ಕದಲ್ಲಿ ಕುಳಿತ ನಿಮ್ಮ ಮಗನಿಗೋ ಮೊಮ್ಮಗನಿಗೋ ಮೆಲ್ಲನೆ ಹೇಳಿರಿ: 'ಮಗೂ, ಇದು ಗೋಲಲ್ಲ.' ಆ ಒಂದು ಮಾತಿನಿಂದ ಪಂದ್ಯದ ಫಲಿತಾಂಶ ಬದಲಾಗದು. ಮುಂದೊಂದು ದಿನ ಹೊಲದ ಬದುವಿನ ಮೇಲೆ ನಿಂತಾಗ ಆ ಮಗುವಿಗೆ ಅದು ನೆನಪಾದೀತು.